ಲಕ್ಷ್ಮಿ ಬರುವ ಕಣ್ಣು

ಮೊಮ್ಮಗಳ ಎಡಗಣ್ಣು ಮೂಗಿನ ಕಡೆಗೆ ತುಸು ವಾಲುತ್ತದೆ ಎಂದು ಶಾಲೆಯ ಟೀಚರ್ ಹೇಳಿಕಳಿಸಿದಾಗ ನಾನು ನಕ್ಕುಬಿಟ್ಟೆ. "ಅದಕ್ಕೇನೀಗ? ನನ್ನದೂ ಹಾಗೇ ಉಂಟು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೀಗಿದ್ದರೆ ಲಕ್ಷ್ಮಿ ಬರ್ತಾಳೆ ಅಂತಿದ್ರು" ಎಂದೆ. ಉಡುಪಿಯಲ್ಲಿ ನನ್ನ ಮದುವೆ ಮಾತುಕತೆ ನಡೆದಾಗ ಅಮ್ಮ ಈ ಕಣ್ಣನ್ನೇ ಮುಂದಿಟ್ಟು ಹೇಳಿದ್ದಳು. ಮುಂಬಯಿಗೆ ಬಂದ ಮೇಲೆ ಫೋರ್ಟ್ ಏರಿಯಾದಲ್ಲಿ ಗಂಡನ ಸಣ್ಣ ಹೋಟೆಲು ಚೆನ್ನಾಗಿ ನಡೆದದ್ದೂ ಇದರಿಂದಲೇ ಎಂದು ಅತ್ತೆ ನಂಬಿದ್ದರು. ನಾನೂ ನಂಬಿದ್ದೆ, ಸುಳ್ಳೇಕೆ ಹೇಳಲಿ.

ಮಗಳು ನಂಬಲಿಲ್ಲ. ಪವಾಯಿಯ ಆಫೀಸಿಗೆ ರಜೆ ಹಾಕಿ ಮಗುವನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಕನ್ನಡಕ ಬರೆದುಕೊಟ್ಟರು. ದಿನಾ ಸ್ವಲ್ಪ ಹೊತ್ತು ಬಲಗಣ್ಣಿಗೆ ಪಟ್ಟಿ ಅಂಟಿಸಿ, ಕೂತು ಮಾಡುವ ಸಣ್ಣ ಕೆಲಸ ಏನಾದರೂ ಮಾಡಿಸಿ ಎಂದರು. ನನಗೆ ತಲೆ ಕೆಟ್ಟಿತು. "ಸರಿ ಇರುವ ಕಣ್ಣನ್ನು ಮುಚ್ಚುವುದಾ? ಇದ್ಯಾವ ಮದ್ದು ಮಾರಾಯ್ರೇ!"

ಕನ್ನಡ ಬಾರದ ಅವರಿಗೆ ನನ್ನ ಸಿಟ್ಟು ಮಾತ್ರ ಅರ್ಥವಾಯಿತು. ಹಿಂದಿಯಲ್ಲಿ ಬಿಡಿಸಿ ಹೇಳಿದರು: ಎಡಗಣ್ಣಿಗೆ ರೋಗವಿಲ್ಲ, ಮಿದುಳು ಅದರಿಂದ ಕೆಲಸ ಮಾಡಿಸುವುದನ್ನೇ ಬಿಟ್ಟಿದೆ. ಚಿಕ್ಕ ವಯಸ್ಸಿನಲ್ಲೇ ತಿದ್ದಬೇಕು, ತಡವಾದಷ್ಟೂ ಕಷ್ಟ. ನಾನು ಅದನ್ನು ಹೋಟೆಲಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಚುರುಕಿನ ಭಟ್ಟರೊಬ್ಬರೇ ಎಲ್ಲ ದೋಸೆ ಹೊಯ್ಯುತ್ತಿದ್ದರೆ ಇನ್ನೊಬ್ಬರು ಮೂಲೆಯಲ್ಲಿ ಕೂತು ಕೆಲಸವನ್ನೇ ಮರೆಯುತ್ತಾರೆ. ಚುರುಕಿನವರಿಗೆ ರಜೆ ಕೊಡಬೇಕು, ಅಷ್ಟೇ.

ಅರ್ಥವಾದದ್ದು ನನಗೆ, ಮಗುವಿಗಲ್ಲ. ಶಾಲೆಯಿಂದ ಬಂದ ಕೂಡಲೇ ಪಟ್ಟಿ ಹಚ್ಚುವುದು ನನ್ನ ಪಾಲಿನ ಕೆಲಸ. ಅಬ್ಬಬ್ಬಾ, ಆ ರಂಪ! ಕಿತ್ತು ಸೋಫಾದ ಕೆಳಗೆ ತುರುಕುತ್ತಿದ್ದಳು. ಮತ್ತೆ ತೋರಿಸಲು ಹೋದಾಗ ಕಣ್ಣು ಇದ್ದ ಹಾಗೇ ಇತ್ತು. ಹೀಗೇ ಬಿಟ್ಟರೆ ಈ ಕಣ್ಣು ಕೈಬಿಟ್ಟ ಹಾಗೆ ಎಂದರು ಡಾಕ್ಟರಮ್ಮ. ಮಗಳು ರಿಕ್ಷಾದಲ್ಲಿ ಅಂಧೇರಿಯ ಮನೆ ಬರುವವರೆಗೂ ಅತ್ತಳು.

ಮರುದಿನ ಸ್ಟೇಷನ್ ಹತ್ತಿರದಿಂದ ಬಿಡಿ ಮಲ್ಲಿಗೆ ತಂದು, ಪಟ್ಟಿ ಹಚ್ಚಿಕೊಂಡು ಹೂ ಕಟ್ಟೋಣ ಬಾ ಎಂದು ಮಗುವನ್ನು ಪುಸಲಾಯಿಸಿದೆ. "ನೀನೂ ಹಚ್ಚಿಕೋ, ಆಗ ನಾನು" ಎಂದು ಹಟ ಹಿಡಿದಳು. ಆಯ್ತು ಮಾರಾಯ್ತಿ ಎಂದು ಅವಳದೇ ಒಂದು ಪಟ್ಟಿಯನ್ನು ನನ್ನ ಬಲಗಣ್ಣಿಗೆ ಅಂಟಿಸಿಕೊಂಡೆ. ಹೂವೇ ಕಾಣಲಿಲ್ಲ. ತಟ್ಟೆಯಲ್ಲಿ ಏನೋ ಬೆಳ್ಳಗೆ ಕಂಡಿತು, ತೊಟ್ಟು ಯಾವುದು ಎಸಳು ಯಾವುದು ಗೊತ್ತಾಗಲಿಲ್ಲ.

"ಲೈಟ್ ಹಾಕು ಪುಟ್ಟಿ."

"ಲೈಟ್ ಚಾಲೂ ಇದೆ ಅಜ್ಜಿ."

ಪಟ್ಟಿ ಕಿತ್ತುಹಾಕಿದೆ. ಒಂದು ಕಣ್ಣು ಮುಚ್ಚಿ ನೋಡುವ ಪ್ರಸಂಗವೇ ಈವರೆಗೆ ನನಗೆ ಬಂದಿರಲಿಲ್ಲ. ಫುಟ್‌ಪಾತಿನಲ್ಲಿ ಕೊಂಡ ಚಾಳೀಸು ಹಾಕಿದರೆ ಪೇಪರು ಓದಲು ಬರುತ್ತಿತ್ತು, ಸಾಕಾಗಿತ್ತು. ಪೊರೆ ಬಂದಿರಬೇಕು ಎಂದುಕೊಂಡು ಅದೇ ಡಾಕ್ಟರಮ್ಮನ ಹತ್ತಿರ ಹೋದೆ. ಪೊರೆಯಲ್ಲ. ಮಗುವಿಗಿರುವುದೇ ನನಗೂ ಇತ್ತು. ಚಿಕ್ಕವಳಿದ್ದಾಗಲೇ ನೋಡಬೇಕಿತ್ತು, ಈ ವಯಸ್ಸಿನಲ್ಲಿ ಇನ್ನು ಹೆಚ್ಚೇನೂ ಮಾಡಲಾಗದು ಆಜೀ ಎಂದರು. ಒಂದೇ ಕಣ್ಣಿನಲ್ಲಿ ನೋಡಿದರೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ ಎಂದೂ ಹೇಳಿದರು.

ಲೋಟದ ಹೊರಗೆ ಚಾ ಚೆಲ್ಲಿದಾಗಲೆಲ್ಲ ಗಂಡ "ಕಣ್ಣು ಎಲ್ಲಿಟ್ಟಿದ್ದೀ ಮಾರಾಯ್ತಿ?" ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಕ್ಲಾಸಿನಲ್ಲಿ ಪೆಟ್ಟು ತಿಂದಿದ್ದೆ. ನಾನೇ ಕೈಲಾಗದವಳು ಎಂದು ಒಪ್ಪಿಕೊಂಡು ಇಷ್ಟು ದೂರ ಬಂದಿದ್ದೆ. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೀರಿಸಲಿ? ಪಾಪ, ಅಮ್ಮ ಈ ಕಣ್ಣಿಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಉಪ್ಪು ಮೆಣಸು ನಿವಾಳಿಸುತ್ತಿದ್ದಳು.

ಮನೆಗೆ ಬಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಿನಗೆ ಯಾರೂ ಪಟ್ಟಿ ಹಚ್ಚಲಿಲ್ಲವಾ?"

"ಇಲ್ಲ ಮಗಾ. ಎಲ್ಲರೂ ಚಂದ ಅಂದ್ರು."

ನನ್ನ ಎಡಗಣ್ಣನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಪಟ್ಟಿಯ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟಳು. ಕನ್ನಡಕ ತೆಗೆದು ಮುಖ ಮೇಲೆತ್ತಿದಳು.

"ಜಲ್ದಿ ಹಚ್ಚು ಅಜ್ಜಿ. ನಂದು ನಿನ್ನ ಥರ ಆಗಬಾರದು."

ಅಳು ಬಂತು. ಅಳುತ್ತಲೇ ಹಚ್ಚಿದೆ.