ಬಾಟಲಿಯಲ್ಲಿ ಉಣ್ಣುವ ಮಗ

ಮಗ ತೀರಿಕೊಂಡ ಮರುವರ್ಷ ಅವನನ್ನು ಪರೀಕ್ಷಿಸಿದ್ದ ವಿಜ್ಞಾನಿ ಮೇಡಂ ಮನಗೂಳಿಯ ನಮ್ಮ ಮನೆಗೆ ಬಂದರು. ಜೀವಕೋಶದ ಕಸ ಕರಗದೆ ಒಳಗೇ ತುಂಬಿಕೊಳ್ಳುವ ರೋಗ ಅವನಿಗಿತ್ತು. ಆ ರೋಗದ ಹಿಂದೆ ಬಿದ್ದೇ ಅವರ ತಲೆ ನರೆತಿತ್ತು. ಪರೀಕ್ಷೆಗೆಂದು ತೆಗೆದಿದ್ದ ಅವನ ಚರ್ಮದ ಚೂರಿನ ಕೋಶಗಳು ಪ್ರಯೋಗಾಲಯದ ಬಾಟಲಿಯಲ್ಲಿ ಇನ್ನೂ ಬೆಳೆಯುತ್ತಿವೆಯಂತೆ. ಇಟ್ಟುಕೊಳ್ಳಲೋ ಚೆಲ್ಲಲೋ ಎಂದು ಕೇಳಿದರು.

"ಮಣ್ಣು ಕೊಟ್ಟಾಗೈತಿ. ಇನ್ನೇನ್ ಇಟ್ಕೊಳ್ಳೂದು?" ಎಂದು ಅತ್ತೆ ಸಿಡುಕಿ ಚಹಾ ಕಾಯಿಸಲು ಎದ್ದರು.

ನಾನೂ ಬಿಡಲಿಲ್ಲ. "ಇದ್ದಾಗ ಔಷಧ ಇಲ್ಲಂದ್ರಿ. ಈಗ ಯಾಕ ಬೇಕ್ರಿ ಅವ?"

"ಔಷಧ ಹುಡುಕೋಕೇ ಅಮ್ಮ. ಹೊಸದನ್ನ ಮೊದಲು ಆ ಕೋಶಗಳ ಮೇಲೇ ಹಾಕಿ ನೋಡೋದು. ದಿನ ಬಿಟ್ಟು ದಿನ ನಾನೇ ಊಟ ಹಾಕ್ತೀನಿ. ಭಾನುವಾರವೂ."

"ಏನ್ ಊಟ?"

ಅವರು ನನ್ನ ಕೊರಳ ಲಿಂಗ ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

"ಕರುವಿನ ರಕ್ತದಿಂದ ತೆಗೆದ ನೀರು. ಅದಿಲ್ಲದಿದ್ದರೆ ಸಾಯ್ತವೆ," ಎಂದರು ಮೆಲ್ಲಗೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಕೊನೆಕೊನೆಗೆ ನಾನು ಹಾಕಿದ ಗಂಜಿಯೂ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಲ್ಲಿ ಉಣ್ತಾನಲ್ರಿ? ಉಣ್ಣಲಿ. ಇಟ್ಕೊಳ್ರಿ," ಎಂದೆ.

ಅತ್ತೆ ಚಹಾ ತಂದಿಟ್ಟು ಕಣ್ಣು ಕಿರಿದು ಮಾಡಿದರು. "ಕರು ಅಂದ್ರಲ್ಲ, ಏನದು?"

"ಕರು ಕುಡಿಯೂ ಹಾಲು ಹಾಕಿ ಬೆಳಸ್ತಾರಂತ್ರಿ ಅತ್ತಿ."

ಅತ್ತೆ ಚಹಾದ ಲೋಟ ಮೇಡಂ ಕಡೆ ಸರಿಸಿದರು. ಆಮೇಲೆ, "ಆಕಳ ಹಾಲಂದ್ರ ಅವಗ ಬಾಳ ಸೇರತಿತ್ತು. ಇರ್ಲಿ ಬಿಡು," ಎಂದರು.

ಮೇಡಂಗೆ ಚಹಾ ನೆತ್ತಿಗೇರಿತು. ಅಷ್ಟು ಓದಿದವರಿಗೆ ಒಂದು ಸುಳ್ಳು ನುಂಗಲು ಬರಲಿಲ್ಲ.