ಕಂತಿನಲ್ಲಿ ಬದುಕಿದ ಇಟಾಲಿಯನ್

ಮೊನ್ನೆ ಡಲ್ಲಾಸ್ ಪಕ್ಕದ ಕಾಪೆಲ್‌ನ ಅಂಗಡಿಯೊಂದರಲ್ಲಿ ಗಟ್ಟಿ ಇಟಾಲಿಯನ್ ಕಾಫಿಯ ವಾಸನೆ ಮೂಗಿಗೆ ಬಡಿಯಿತು. ನಿಮಗಾಗಿದ್ದರೆ ಮನೆಯ ಡಿಕಾಕ್ಷನ್ ನೆನಪಾಗುತ್ತಿತ್ತೇನೋ. ನನಗೆ ನೆನಪಾದವರು ಶ್ರೀಪಾದ ಅಂಕಲ್.

ನಾನು ಹ್ಯೂಸ್ಟನ್‌ನಲ್ಲಿದ್ದಾಗಿನ ಪರಿಚಯ. ಅಲ್ಲಿನ ಕ್ಲಿಯರ್ ಲೇಕ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಲೆಕ್ಕ ಹಾಕಿ ನಿವೃತ್ತರಾದ ಮೇಲೆ ಅವರು ಹತ್ತೊಂಬತ್ತನೇ ಶತಮಾನದ ಒಬ್ಬ ಇಟಾಲಿಯನ್ ಲೇಖಕನ ಬೆನ್ನು ಹತ್ತಿದ್ದರು. ಕವಿ, ಕಾದಂಬರಿಕಾರ, ಮೇಲಾಗಿ ವಿಮರ್ಶಕ. ಅವನ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಅವನ ಜೀವನವನ್ನು ಕನ್ನಡಿಗರಿಗೆ ಪೂರ್ತಿ ಹೇಳಬೇಕೆಂಬುದು ಅಂಕಲ್ ಅವರ ಆಸೆ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಡೆದ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವರಿಗೆ ಸಿಕ್ಕಿದ್ದು ಹತ್ತೇ ನಿಮಿಷ, ಮಕ್ಕಳ ಡ್ಯಾನ್ಸಿಗೂ ಬಿಸಿಬೇಳೆ ಬಾತಿಗೂ ನಡುವೆ. ಇಟಾಲಿಯನ್ ಹುಟ್ಟಿ ಶಾಲೆ ಸೇರುವಷ್ಟರಲ್ಲಿ ಸಂಘದ ಸೆಕ್ರೆಟರಿ ವೇದಿಕೆ ಹತ್ತಿ, “ಅಂಕಲ್, ಊಟ ಬಂದ್ಬಿಟ್ಟಿದೆ. ಉಳಿದಿದ್ದು ನೆಕ್ಸ್ಟ್ ಇಯರ್ ಮಾಡೋಣ್ವಾ?” ಎಂದರು. ಸಂಘಗಳಲ್ಲಿ ಒಮ್ಮೆ ನಡೆದದ್ದು ಸಂಪ್ರದಾಯವಾಗಿಬಿಡುತ್ತದೆ, ನಿಮಗೆ ಗೊತ್ತಲ್ಲ. ಮರುವರ್ಷ ಅವನು ಕವಿಯಾದ. ಅದರ ಮರುವರ್ಷ ಕಾದಂಬರಿ ಬರೆದ. ಆಮೇಲೆ ವಿಮರ್ಶಕನಾಗಿ ಇದ್ದಬದ್ದ ಗೆಳೆಯರನ್ನೆಲ್ಲ ಕಳೆದುಕೊಂಡ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತೇ ನಾವು ಅವನಿಗಾಗಿ ಮರುಗಿದೆವು.

ಅಷ್ಟರಲ್ಲಿ ಅಂಕಲ್‌ಗೆ ಬೈಪಾಸ್ ಆಯಿತು. ಕಥೆಗಿಂತ ಮೊದಲು ಇವರೇ ಮುಗಿದುಹೋದರೆ ಎಂದು ನನಗೆ ನಿಜಕ್ಕೂ ಭಯವಾಯಿತು. ಆದರೆ ಆ ನವೆಂಬರಿನಲ್ಲೂ ಅಂಕಲ್ ಬಂದರು; ಅವರ ಲೇಖಕ ಆ ವರ್ಷ ಆಪೆರಾ ಎಂಬ ಸಂಗೀತ ನಾಟಕ ಬರೆದ. ಮರುವರ್ಷ ನಕ್ಷತ್ರಗಳ ಬಗ್ಗೆ ಬರೆದ. ಅದರಾಚೆಗೆ ದ್ರಾಕ್ಷಿ ಕೃಷಿ. ಒಬ್ಬ ಮನುಷ್ಯನಿಗೆ ಇಷ್ಟೊಂದು ಪ್ರತಿಭೆಯೇ ಎಂದು ನನಗೆ ಹೊಟ್ಟೆಕಿಚ್ಚಾಗಿ ಇಂಟರ್ನೆಟ್ ಜಾಲಾಡಿದೆ. ಪುಣ್ಯಾತ್ಮ ಆಪೆರಾ, ನಕ್ಷತ್ರ, ದ್ರಾಕ್ಷಿ ಯಾವುದನ್ನೂ ಮುಟ್ಟದೆ, ನಲವತ್ತು ತುಂಬುವ ಮೊದಲೇ ತೀರಿಹೋಗಿದ್ದ!

ಮನೆಗೇ ಹೋಗಿ ಕೇಳಿದೆ. “ಅಂಕಲ್, ಅವನು ಆಪೆರಾಗೆ ಮುಂಚೇನೇ ಹೋಗ್ಬಿಟ್ಟಿದ್ನಂತಲ್ಲ?”

ಅಡುಗೆಮನೆಯಲ್ಲಿದ್ದ ಆಂಟಿಗೆ ಕೇಳಿಸದಂತೆ ಅವರು ದನಿ ತಗ್ಗಿಸಿದರು. “ಗೊತ್ತು ಕಣಪ್ಪ. ಅವನನ್ನ ಸಾಯಿಸಿಬಿಟ್ರೆ, ಮುಂದಿನ ನವೆಂಬರ್‌ಗೆ ನನ್ನನ್ನ ಯಾರು ಕರೀತಾರೆ?”

ನಕ್ಕೆ. ಕಾರು ಹತ್ತಿದ ಮೇಲೆ ಸಂಕಟವಾಯಿತು.

ಈ ಬೇಸಿಗೆಯಲ್ಲಿ ಅಂಕಲ್ ತೀರಿಕೊಂಡರು. ಡಲ್ಲಾಸ್ ಕಡೆಗೆ ಶಿಫ್ಟ್ ಆಗಿದ್ದ ನನಗೆ ಸೆಕ್ರೆಟರಿಯ ಫೋನ್ ಬಂತು: “ಆ ಇಟಾಲಿಯನ್ ಕಥೆ ನೀವೇ ಬಂದು ಮುಗಿಸಿಬಿಡಿ ಸರ್. ಟೆನ್ ಮಿನಿಟ್ಸ್ ಸಾಕಲ್ವಾ?”

ಒಬ್ಬ ಇಟಾಲಿಯನ್‌ನ ಸಾವಿಗೆ ಹತ್ತು ನಿಮಿಷ ಧಾರಾಳವಾಯಿತು. ಚೆನ್ನಾಗಿಯೇ ತಯಾರಿ ಮಾಡಿಕೊಂಡು, ನಿನ್ನೆ ರಾಜ್ಯೋತ್ಸವಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ಮೈಕ್ ಮುಂದೆ ನಿಂತಾಗ ಮೊದಲ ಸಾಲಿನಲ್ಲಿ ಆಂಟಿ ಒಬ್ಬರೇ ಕೂತಿದ್ದು ಕಂಡಿತು. ಬರೆದು ತಂದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

“ಆ ವರ್ಷ,” ಎಂದೆ, “ಅವನು ಮಕ್ಕಳಿಗಾಗಿ ಬರೆಯಲು ಶುರು ಮಾಡಿದ.”