ಹೊಡೆದುಹಾಕಿದ ಛೇದ

ಇಲ್ಲ ಮಗು, ನಾನು ಬುರುಡೆ ಬಿಡುತ್ತಿಲ್ಲ. ನಿನ್ನಜ್ಜಿ ಬೋರ್ಡಿನ ಮೇಲೆ ಸೀಮೆಸುಣ್ಣ ಗೀಚಿದರೆ ಪಕ್ಕದ ಬೀದಿಯ ಕಾಗೆಗಳೂ ಲೆಕ್ಕ ನೋಡಲು ಬಂದು ಕೂರುತ್ತಿದ್ದವು. ಕಾಗೆಯ ಮಾತು ಬೇಡವಾದರೆ ಬಿಡು, ಉಳಿದದ್ದು ಅಪ್ಪಟ ನಿಜ.

ಅವತ್ತು ಶಾಲೆಯಲ್ಲಿ ಅವಳು ಮಾದರಿ ಪಾಠ ಮಾಡಬೇಕಿತ್ತು. ಪಾಠ ಒಪ್ಪಿಗೆಯಾದರೆ ಮಾತ್ರ ಕೆಲಸ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಕೂತಿದ್ದರು. ಲೆಕ್ಕದ ಅಂಶ x² − 9, ಛೇದ x − 3. ಛೇದವನ್ನು ಸೊನ್ನೆ ಮಾಡುವ ಸಂಖ್ಯೆಯನ್ನು ಮೊದಲು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು, ಆಮೇಲೆ ಲೆಕ್ಕ ಚಿಕ್ಕದು ಮಾಡುವುದು ಅವಳ ಪದ್ಧತಿ. ಅವತ್ತು ಗಾಬರಿಯಲ್ಲಿ ಅದನ್ನು ಮರೆತಳು. ಅಂಶವನ್ನು (x − 3)(x + 3) ಎಂದು ಬಿಡಿಸಿ, ಮೇಲೆ ಕೆಳಗೆ ಇದ್ದ x − 3 ಹೊಡೆದುಹಾಕಿ, "ಉತ್ತರ x + 3. ಯಾವ ಸಂಖ್ಯೆ ಹಾಕಿದ್ರೂ ನಡೆಯುತ್ತೆ" ಎಂದುಬಿಟ್ಟಳು.

ಹೆಡ್‌ಮಾಸ್ಟರು ತಲೆದೂಗಿ ಎದ್ದರು. ಅವಳು ಬೋರ್ಡಿನ ಕಡೆ ತಿರುಗಿ ನೋಡಿದಳು, ಮೂಲೆ ಖಾಲಿಯಿತ್ತು.

"ಸಾರ್, ಕೂತ್ಕೊಳ್ಳಿ. ತಪ್ಪು ಹೇಳ್ಬಿಟ್ಟೆ. ಇಲ್ಲಿ ಮೂರು ಹಾಕೋ ಹಾಗಿಲ್ಲ. ಮೊದಲಿದ್ದ ಛೇದ ಸೊನ್ನೆಯಾಗುತ್ತೆ, ಸೊನ್ನೆಯಿಂದ ಭಾಗಿಸೋಕಾಗಲ್ಲ. ಹೊಡೆದುಹಾಕಿದ ಮಾತ್ರಕ್ಕೆ ಆ ನಿಯಮ ಹೋಗಲ್ಲ."

"ಪಾಸ್ ಮಾಡೋಣ ಅಂತಿದ್ದೆ ಕಣಮ್ಮ. ಸುಮ್ನಿರಬಾರದಿತ್ತಾ?"

"ಮಕ್ಕಳು ಬರ್ಕೊಂಡುಬಿಟ್ಟಿದ್ದಾರೆ ಸಾರ್."

ನಾನಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಮನೆ ಸೇರುತ್ತಿದ್ದೆ. ಅವಳು ಬೆಂಚಿನಿಂದ ಬೆಂಚಿಗೆ ಹೋಗಿ, ಪ್ರತಿ ಮಗುವಿನ ಕೈಯಲ್ಲೂ "x ಮೂರಾಗುವಂತಿಲ್ಲ" ಎಂದು ಬರೆಸಿದಳು. ಹೆಡ್‌ಮಾಸ್ಟರು ಅದು ಮುಗಿಯುವ ತನಕ ಕಾದು, "ಸೋಮವಾರ ಬಂದುಬಿಡಮ್ಮ" ಎಂದರು. ಅದಕ್ಕೆ ಅವಳು ಏನೆಂದಳು ಗೊತ್ತಾ? ಅಗೋ, ಅಡುಗೆಮನೆಯಿಂದ ನಿನ್ನಜ್ಜಿಯೇ ಬಂದಳು.

"ರೀ, ಸಾಕು ನಿಮ್ಮ ಪುರಾಣ. ಊಟ ಆರ್ತಿದೆ, ಇಬ್ರೂ ಏಳಿ."